ಬೆಂಕಿಗೂಡಿನ ಪಕ್ಕದ ಐದು ಕುರ್ಚಿ

ಸ್ಕೀಯಿಂಗ್ ಮುಗಿದ ಮೇಲೆ ಎಲ್ಲಿ ಕೂತು ಏನು ತಿನ್ನಬೇಕು ಎಂಬುದು ಸ್ಕೀಯಿಂಗ್ ಬಾರದವರಿಗೇ ಚೆನ್ನಾಗಿ ಗೊತ್ತಿರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಟ್ಟದಿಂದ ಇಳಿದು ಬಂದವರಿಗೆ ಕಾಲು ನಡುಗುತ್ತಿರುತ್ತದೆ, ಮೂಗು ಸೋರುತ್ತಿರುತ್ತದೆ; ಎದುರಿಗೆ ಏನಿಟ್ಟರೂ ನುಂಗುತ್ತಾರೆ. ನಾನಾದರೋ ಎಪ್ಪತ್ತನಾಲ್ಕರ ಮುದುಕಿ. ಭೂಗೋಳದ ಈ ದಕ್ಷಿಣದ ತುದಿಯಲ್ಲಿ ಜುಲೈಯೇ ಚಳಿಗಾಲ; ಪ್ರತಿ ಜುಲೈಯಲ್ಲೂ ಮಗಳ ಸಂಸಾರದೊಡನೆ ನಮ್ಮ ಮನೆಯಿರುವ ಪೊರಿರುವಾದಿಂದ ಹಿಮದ ಬೆಟ್ಟದ ಬುಡದ ಓಹಾಕುನೆಗೆ ಬಂದು, ಅವರು ಬೆಟ್ಟ ಹತ್ತಿದ ಮೇಲೆ ಇಡೀ ದಿನ ಕೆಳಗಿನ ಊರಿನಲ್ಲಿ ಕಾಲ ಕಳೆಯುವವಳು. ಯಾವ ಬೇಕರಿಯ ಎಕ್ಲೇರ್ ಕಚ್ಚಿದರೆ ಕ್ರೀಮ್ ಮೂಗಿಗೆ ಹತ್ತುತ್ತದೆ, ಯಾವ ಅಂಗಡಿಯ ಫಿಶ್ ಅಂಡ್ ಚಿಪ್ಸ್ ಕ್ಯೂ ಎಷ್ಟು ಹೊತ್ತಿಗೆ ಕರಗುತ್ತದೆ, ಇಂಡಿಯನ್ ರೆಸ್ಟೋರೆಂಟಿನಲ್ಲಿ ಮೀಡಿಯಂ ಅಂದರೆ ಮೆಣಸಿನಕಾಯಿಯ ನೆರಳೂ ಬಿದ್ದಿಲ್ಲ ಎಂದು ಅರ್ಥ, ಇವೆಲ್ಲ ನನಗೆ ಬಾಯಿಪಾಠ. ಸ್ಕೀ ಹಲಗೆಯ ಹಿಂದು ಯಾವುದು, ಮುಂದು ಯಾವುದು ಎಂದು ಮಾತ್ರ ಇವತ್ತಿಗೂ ತಿಳಿಯದು.

ನಮ್ಮದು ಐದು ಜನರ ತಂಡ. ಮಗಳು ವೀಣಾ ಆಸ್ಪತ್ರೆಯಲ್ಲಿ ನರ್ಸ್. ಅಳಿಯ ರಘು ಸೇತುವೆಗಳ ಲೆಕ್ಕ ಹಾಕುವ ಇಂಜಿನಿಯರ್. ಮೊಮ್ಮಗಳು ಮೀರಾಗೆ ಹನ್ನೊಂದು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಉತ್ತರ ಇಂಗ್ಲಿಷಿನಲ್ಲೇ. ಐದನೆಯವನು ವೀಣಾಳ ವಾರ್ಡಿನಲ್ಲೇ ನರ್ಸ್ ಆಗಿರುವ ಹುಬ್ಬಳ್ಳಿಯ ನಜೀರ್. ಒಂದು ಬ್ಯಾಚ್ ಬಾಡಿಗೆಗೆ ಹಿಡಿಯುತ್ತೇವೆ. ಇಲ್ಲಿಯವರು ರಜೆಯ ಪುಟ್ಟ ಮನೆಗೆ ಹಾಗನ್ನುತ್ತಾರೆ. ಗೋಡೆಗಳು ಪೇಪರ್ ದೋಸೆಯಷ್ಟು ತೆಳು. ಬೆಳಿಗ್ಗೆ ನಾಲ್ವರೂ ಆ ಭಾರದ ಬೂಟು ಹಾಕಿಕೊಂಡು ಯಕ್ಷಗಾನದ ರಾಕ್ಷಸರ ಹಾಗೆ ಧಡಧಡ ಹೆಜ್ಜೆ ಹಾಕುತ್ತಾ ಹೊರಡುತ್ತಾರೆ. ಮಧ್ಯಾಹ್ನ ಮೂರೂವರೆಗೆ ಇಳಿದು ಬಂದು ನನ್ನನ್ನು ಕರೆದುಕೊಂಡು ನೇರವಾಗಿ ಒಂದು ಕೆಫೆಗೆ ಹೋಗುತ್ತಾರೆ. ಅಲ್ಲಿ ಎಲ್ಲರಿಗೂ ಹಾಟ್ ಚಾಕೊಲೇಟ್. ಅದರ ಮೇಲೆ ಒದ್ದೆ ಹತ್ತಿಯಂಥ ಮಾರ್ಷ್‌ಮ್ಯಾಲೋ. ನಾಲ್ಕು ಗಂಟೆಗೆ ಬಾಗಿಲು ಹಾಕುವ ಕೆಫೆ ಅದು. ನಾವು ಕುಡಿಯುತ್ತಿರುವಾಗಲೇ ಸುತ್ತಲಿನ ಕುರ್ಚಿಗಳನ್ನು ಮೇಜಿನ ಮೇಲೆ ತಲೆಕೆಳಗಾಗಿ ಏರಿಸುತ್ತಾರೆ. ಸೂತಕದ ಮನೆಯಲ್ಲಿ ಕೂತ ಹಾಗೆ ಐವರೂ ಸುಮ್ಮನೆ ಕುಡಿಯುತ್ತೇವೆ. ಮಕ್ಕಳಿಗೆ ಇಷ್ಟ, ಇರಲಿ ಎಂದು ನಾಲ್ಕು ವರ್ಷ ನಾನೂ ನುಂಗಿದೆ.

ಈ ಸಲ ಎರಡನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಫ್ಲಾಸ್ಕಿಗೆ ಕಾಫಿ ತುಂಬುತ್ತಿದ್ದೆ. ಪೇಪರ್ ದೋಸೆಯ ಆಚೆಯಿಂದ ವೀಣಾಳ ದನಿ ಕೇಳಿಸಿತು.

"ಮುಂದಿನ್ ವರ್ಷ ಅಮ್ಮನ್ನ ಮನೇಲೇ ಬಿಟ್ ಬರೋಣ್ವಾ? ಪಕ್ಕದ್ಮನೆಯೋರು ನೋಡ್ಕೋತಾರೆ. ಅವಳಿಗೂ ಚಳಿ. ನೀವೂ ವರ್ಷಕ್ಕೊಂದ್ಸಲ ಫ್ರೀಯಾಗಿ ಇರ್ಬೋದು."

"ಏಯ್, ಪಾಪ, ಬರ್ಲಿ ಬಿಡು," ಅಂದರು ಅಳಿಯ. "ಮೂರು ದಿನ ಹಾಟ್ ಚಾಕೊಲೇಟ್ ಕುಡಿದ್ರೆ ನಾನೇನ್ ಸತ್ತೋಗಲ್ಲ."

ಫ್ಲಾಸ್ಕ್ ತುಂಬಿ ಹರಿದು ಕಾಫಿ ನನ್ನ ಚಪ್ಪಲಿಗೆ ಬಿತ್ತು. ಬಿಸಿ ತಾಗಿದ್ದು ಆಮೇಲೆ ಗೊತ್ತಾಯಿತು. ಸಾಕ್ಸ್ ಏರಿಸಿಕೊಳ್ಳುತ್ತಿದ್ದ ಮೀರಾಳನ್ನು ಮೆಲ್ಲಗೆ ಕೇಳಿದೆ, "ಪುಟ್ಟಿ, ನಿಮ್ಮಪ್ಪನಿಗೆ ಆ ಕೆಫೆ ಇಷ್ಟ ಇಲ್ವೇನೇ?"

"ನೋಬಡಿ ಲೈಕ್ಸ್ ಇಟ್, ಅಜ್ಜಿ. ಡ್ಯಾಡ್ ವಾಂಟ್ಸ್ ದ ಪಬ್ ವಿತ್ ದ ಬಿಗ್ ಫೈರ್. ಬಟ್ ಯು ಆರ್, ಲೈಕ್, ಹೋಲಿ."

ಹೋಲಿ. ಮೈಸೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದರೂ ಒಬ್ಬ ಸಿಸ್ಟರ್ ಕೂಡ ಕೊಡದ, ಪರಮ ಪವಿತ್ರಳೆಂಬ ಸರ್ಟಿಫಿಕೇಟ್ ಇದು. ಆ ಸಿಸ್ಟರ್‌ಗಳು ಕ್ರಿಸ್‌ಮಸ್ಸಿಗೆ ಕೊಡುತ್ತಿದ್ದ ಪ್ಲಮ್ ಕೇಕಿನಲ್ಲಿ ರಮ್ ಇರುತ್ತದೆಂದು ಗೊತ್ತಿದ್ದೇ ಮೂರು ತುಂಡು ತಿಂದು, ಮನೆಯಲ್ಲಿ ಬರೀ ದ್ರಾಕ್ಷಿ ಅಮ್ಮ ಎಂದು ಹೇಳುತ್ತಿದ್ದವಳು ನಾನು. ನಮ್ಮವರಾದರೂ ಏನು? ಬ್ಯಾಂಕಿನ ಟ್ರಾನ್ಸ್‌ಫರ್ ಪಾರ್ಟಿಗಳಲ್ಲಿ ಒಂದು ಪೆಗ್ ಹಾಕಿ, ಲವಂಗ ಜಗಿಯುತ್ತಾ ಮನೆಗೆ ಬರುತ್ತಿದ್ದರು. ಬಾಗಿಲು ತೆಗೆದ ಕೂಡಲೇ ಗಮ್ಮೆನ್ನುತ್ತಿತ್ತು. "ಹಲ್ಲುನೋವು" ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಅವರ ಹಲ್ಲುನೋವಿಗೆ ಮರುಕ ತೋರಿಸಿದೆ. ಅವರು ಹೋದ ಮೇಲೆ ಅನ್ನಿಸಿದ್ದುಂಟು, ಒಂದು ದಿನವಾದರೂ ನಕ್ಕು, ನನಗೂ ಒಂದು ಗುಟುಕು ಕೊಡಿ ಅನ್ನಬಹುದಿತ್ತು ಎಂದು. ದಾಕ್ಷಿಣ್ಯ ಎಂಬುದು ನಮ್ಮ ಜನಕ್ಕೆ ಅಂಟಿದ ಕಾಯಿಲೆ. ಎರಡೂ ಕಡೆಯವರು ಒಬ್ಬರಿಗೋಸ್ಕರ ಒಬ್ಬರು ಬೇಡದ್ದನ್ನು ಕುಡಿಯುತ್ತಾ ಕೂರುತ್ತೇವೆ.

ಆದರೆ ಈಗ ಹಾಗೆ ಕೂತರೆ ಮುಂದಿನ ವರ್ಷ ನನಗೆ ಪೊರಿರುವಾದ ಕಿಟಕಿಯೇ ಗತಿ. ಸತ್ಯ ಹೇಳುತ್ತೇನೆ, ನನಗೆ ಹಿಮವೂ ಬೇಡ, ಬೆಟ್ಟವೂ ಬೇಡ. ಕಾರಿನಲ್ಲಿ ಎಲ್ಲರೂ ಬಂದರಾ ಎಂದು ಎಣಿಸುವಾಗ ಐದು ಎನ್ನುತ್ತಾರಲ್ಲ, ಆ ಐದರಲ್ಲಿ ನಾನೂ ಇರಬೇಕು. ಅಷ್ಟೇ.

ಮೂರು ಗಂಟೆಗೆ ಆ ಪಬ್ಬಿಗೆ ಹೋದೆ. ಬಾಗಿಲ ಮುಂದೆ ಎರಡು ಸಲ ಆಚೆ ಈಚೆ ಓಡಾಡಿ, ಮೂರನೆಯ ಸಲ ಒಳಗೆ ಕಾಲಿಟ್ಟೆ. ದೊಡ್ಡ ಬೆಂಕಿಗೂಡಿನ ಪಕ್ಕದಲ್ಲೇ ಒಂದು ಮೇಜು, ಐದು ಕುರ್ಚಿ ಖಾಲಿ ಇದ್ದವು. ಹಿಂದುಮುಂದು ನೋಡದೆ ಹುಟ್ಟುಗುಣ ತೋರಿಸಿದೆ. ಒಂದು ಕುರ್ಚಿಗೆ ಶಾಲು, ಒಂದಕ್ಕೆ ಮಫ್ಲರ್, ಒಂದಕ್ಕೆ ಬಲಗೈ ಗ್ಲೌಸ್, ಇನ್ನೊಂದಕ್ಕೆ ಎಡಗೈಯದು, ಐದನೆಯದಕ್ಕೆ ಕರ್ಚೀಫು. ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದರೆ ಸಾಕು, ಆ ಸೀಟು ನಮ್ಮ ಹೆಸರಿಗೆ ರಿಜಿಸ್ಟರ್ ಆದಂತೆ. ಅದರ ಮೇಲೆ ಯಾರಾದರೂ ಕೂತರೆ ಇಡೀ ಬಸ್ಸೇ ಸೇರಿ ಎಬ್ಬಿಸುತ್ತಿತ್ತು. ಆ ಧೈರ್ಯದಲ್ಲಿ ವಾಶ್‌ರೂಮಿಗೆ ಹೋಗಿ ತಲೆ ಬಾಚಿಕೊಂಡು ಬಂದೆ.

ಬಂದು ನೋಡಿದರೆ ನನ್ನ ಮೇಜಿನಲ್ಲಿ ಗಮ್‌ಬೂಟಿನ ಒಬ್ಬ ಆಜಾನುಬಾಹು, ಅವನ ಹೆಂಡತಿ, ಎದುರಿಗೆ ಒಂದು ಬುಟ್ಟಿ ಚಿಪ್ಸ್. ನನ್ನ ಶಾಲು, ಮಫ್ಲರ್, ಗ್ಲೌಸ್ ಒಂದೂ ಇಲ್ಲ. ಕೌಂಟರಿನ ಹಿಂದೆ ನನ್ನಂತೆಯೇ ತಲೆ ನರೆತ ಹೆಂಗಸನ್ನು ಕೇಳಿದೆ. ಅವಳು ಒಂದು ಪೆಟ್ಟಿಗೆ ಎತ್ತಿ ಮುಂದಿಟ್ಟಳು. ಮೇಲೆ ಲಾಸ್ಟ್ ಪ್ರಾಪರ್ಟಿ ಎಂದು ಬರೆದಿತ್ತು. ಒಳಗೆ ನನ್ನ ಸಕಲ ಆಸ್ತಿ. ಪಾಪ, ಯಾರೋ ಐದು ಜನ ಮರೆತು ಹೋಗಿದ್ದಾರೆ ಎಂದುಕೊಂಡಳಂತೆ. ಸಿಸ್ಟರ್ ಕಲಿಸಿದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, ನಮ್ಮ ದೇಶದಲ್ಲಿ ಬಟ್ಟೆ ಹಾಕಿದರೆ ಅದು ರಿಸರ್ವೇಶನ್ ಎಂದು ವಿವರಿಸಿದೆ. ಅವಳಿಗೆ ಎಷ್ಟು ಅರ್ಥವಾಯಿತೋ. ಕೇಳಿಸಿಕೊಂಡ ಆಜಾನುಬಾಹು ಮಾತ್ರ ಜರುಗಿ ಜಾಗ ಮಾಡಿಕೊಟ್ಟು, ಇನ್ನಷ್ಟು ಕುರ್ಚಿ ಎಳೆದು ಹಾಕಿದ.

"ಕಮ್ ಆನ್ ಇನ್, ಲವ್. ಪ್ಲೆಂಟಿ ಆಫ್ ರೂಮ್. ವಾಟ್ ಆರ್ ಯೂ ಹ್ಯಾವಿಂಗ್?"

ಬೋರ್ಡಿನಲ್ಲಿ ಮಲ್ಡ್ ವೈನ್ ಎಂದಿತ್ತು. ಬಾಯಿಂದ ಅದೇ ಬಂತು. ಬಿಸಿ ಬಿಸಿ ವೈನಿನ ಗ್ಲಾಸಿನಲ್ಲಿ ಚಕ್ಕೆ, ಕಿತ್ತಳೆ ಸಿಪ್ಪೆ, ನಾಲ್ಕು ಲವಂಗ ತೇಲುತ್ತಿದ್ದವು. ಮೂಗಿನ ಹತ್ತಿರ ತಂದೆ. ರಾತ್ರಿ ಬಾಗಿಲು ತೆಗೆದಾಗ ನಮ್ಮವರು ನಿಂತಿರುತ್ತಿದ್ದ ಹಾಗೆಯೇ ಆಯಿತು. ಕಣ್ಣು ಒದ್ದೆಯಾದದ್ದು ಹೊಗೆಗೆ ಎಂದು ಆ ಆಜಾನುಬಾಹುವಿನ ಹೆಂಡತಿಗೆ ಹೇಳಿದೆ. ಆಮೇಲೆ ಕುಡಿದೆ. ಚೆನ್ನಾಗಿತ್ತು.

ಅರ್ಧ ಗ್ಲಾಸ್ ಆಗಿರಬೇಕು, ನಾಲ್ವರೂ ಗಾಬರಿಯಿಂದ ನುಗ್ಗಿದರು. ಕೆಫೆಯಲ್ಲಿ ಹುಡುಕಿ, ಬೇಕರಿಯಲ್ಲಿ ವಿಚಾರಿಸಿ ಬಂದಿದ್ದರು.

"ಅಲ್ರೀ ಆಂಟಿ," ಅಂದ ನಜೀರ್, ಎದೆ ಹಿಡಿದುಕೊಂಡು. "ನಾವು ಊರೆಲ್ಲಾ ಹುಡುಕಿ ಸಾಕಾಗೇತಿ. ನೀವು ನೋಡಿದ್ರ ಇಲ್ಲೆ ಬೆಂಕಿ ಕಾಸ್ಕೋತ ಕುಂತೀರಿ."

"ಅಮ್ಮ, ಏನಮ್ಮ ಅದು ಕೈಲಿ?" ವೀಣಾ ವಾರ್ಡಿನ ದನಿಯಲ್ಲಿ ಕೇಳಿದಳು.

"ವೈನು. ಎರಡನೇದು ತರಿಸೋಣ ಅಂತಿದ್ದೆ. ರಘು, ನಿಮಗೆ ಬಿಯರ್ ಹೇಳ್ಲಾ?"

ಅಳಿಯನ ಮುಖ ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದವರ ಹಾಗಾಯಿತು. "ಅಯ್ಯೋ, ನಾನ್ ಅದೆಲ್ಲ ಮುಟ್ಟಲ್ಲ ಅತ್ತೆ."

"ಮುಟ್ಟೂದಿಲ್ಲ ಬಿಡ್ರಿ," ಅಂದ ನಜೀರ್. "ಬರೇ ಎತ್ತಿ ಕುಡೀತಾರ. ನನಗೊಂದು ಜಿಂಜರ್ ಬಿಯರ್ ಹೇಳ್ರಿ ಆಂಟಿ. ಅದರಾಗ ನಶಾ ಇರಂಗಿಲ್ಲ; ಗಾಡಿ ಹೊಡಿಯೋನು ನಾನ ಅಲ್ಲೇನ್ರಿ?"

ಮೀರಾ ಚಿಪ್ಸಿಗೆ ಕೈ ಹಾಕುತ್ತಾ, "ಅಜ್ಜಿ, ಯು ಆರ್ ನಾಟ್ ಹೋಲಿ ಎನಿಮೋರ್," ಅಂದಳು.

ವೀಣಾ ಗ್ಲೌಸ್ ಕಳಚಿ ಮೇಜಿನ ಮೇಲಿಟ್ಟಳು. ಆಮೇಲೆ ಪಕ್ಕಕ್ಕೆ ಬಂದು ಕೂತು, ಕಿವಿಯ ಹತ್ತಿರ, "ಬೆಳಿಗ್ಗೆ ಕೇಳಿಸ್ಕೊಂಡ್ಯಾ?" ಅಂದಳು.

"ಏನನ್ನ? ಈ ಕಿವಿಗೆ ಏನ್ ಕೇಳ್ಸತ್ತೆ," ಅಂದೆ. ಅವಳು ನನ್ನ ಗ್ಲಾಸ್ ತೆಗೆದುಕೊಂಡು ಒಂದು ಗುಟುಕು ಕುಡಿದು ವಾಪಸ್ ಕೊಟ್ಟಳು.

ರಘು ಮೊದಲ ಬಿಯರನ್ನು ಗೋಡೆಯ ಕಡೆ ತಿರುಗಿ, ಮೆನುಕಾರ್ಡ್ ಅಡ್ಡ ಹಿಡಿದು ಕುಡಿದರು. ಎರಡನೆಯದಕ್ಕೆ ಅರ್ಧ ತಿರುಗಿದರು. ಆಮೇಲೆ ಪೂರ್ತಿ ನನ್ನ ಕಡೆಗೇ ತಿರುಗಿ, ತಮ್ಮ ಆಫೀಸಿನ ಬಾಸ್ ಎಂಥ ಕತ್ತೆ ಎಂದು ಮುಕ್ಕಾಲು ಗಂಟೆ ವಿವರಿಸಿದರು. ಹದಿನಾಲ್ಕು ವರ್ಷದಲ್ಲಿ ಅವರು ನನ್ನೊಡನೆ ಆಡಿದ್ದ ಒಟ್ಟು ಮಾತಿಗಿಂತ ಅದು ಹೆಚ್ಚು. ನಾನೂ ಕೆಲವು ಸಲಹೆ ಕೊಟ್ಟೆ; ಒಂದೆರಡು ಕಾನ್ವೆಂಟಿನಲ್ಲಿ ಕಲಿತವಲ್ಲ.

ಮುಂದಿನ ಜುಲೈಗೆ ಬ್ಯಾಚ್ ಆಗಲೇ ಬುಕ್ ಆಗಿದೆ, ಐದು ಜನಕ್ಕೆ. ಆ ವಿಷಯದಲ್ಲಿ ನಾನು ನಿಶ್ಚಿಂತೆ. ಆದರೆ ಮನೆಯಲ್ಲಿ ಒಂದು ಸಣ್ಣ ಬದಲಾವಣೆ ಗಮನಿಸಿದ್ದೇನೆ. ಮೊದಲೆಲ್ಲ ನಾನು ಹಾಲಿಗೆ ಬಂದ ಕೂಡಲೇ ಅಳಿಯ ಟೀಪಾಯಿಯ ಮೇಲಿನ ಕಾಲು ಇಳಿಸಿ, ಟಿವಿಯ ಸದ್ದು ತಗ್ಗಿಸಿ, ನೆಟ್ಟಗೆ ಕೂರುತ್ತಿದ್ದರು. ಛೆ, ಯಾಕಪ್ಪಾ ಇಷ್ಟೊಂದು ಸಂಕೋಚ ಎಂದು ನಾನೇ ಎಷ್ಟೋ ಸಲ ಬೇಜಾರು ಮಾಡಿಕೊಂಡಿದ್ದೆ. ಈಗ ಕಾಲು ಇಳಿಯುವುದಿಲ್ಲ. ನಿನ್ನೆ ನಾನು ಬಂದಾಗ ಕುಶನ್ನಿಗೆ ಒರಗಿದ್ದವರು ಒರಗಿದ್ದ ಹಾಗೇ, "ಅತ್ತೆ, ಹೆಂಗೂ ನಿಂತಿದೀರಲ್ಲ, ಆ ರಿಮೋಟ್ ಕೊಡಿ," ಅಂದರು. ಕೊಟ್ಟೆ. ಗೌರವ ಇಷ್ಟು ಬೇಗ ಕರಗುವ ಪದಾರ್ಥ ಎಂದು ಗೊತ್ತಿದ್ದರೆ ಆ ಎರಡನೇ ಗ್ಲಾಸನ್ನಾದರೂ ಸ್ವಲ್ಪ ಸೆರಗು ಮರೆಮಾಡಿ ಕುಡಿಯುತ್ತಿದ್ದೆ.