ಹರ್ಟ್‌ಫರ್ಡ್ ಮತ್ತು ನಮ್ಮ ಕುದುರೆಗುಂಡಿ

ಇನ್ನು ಮೇಲೆ ಹೊಟ್ಟೆಕಿಚ್ಚು ಪಡಬಾರದು ಅಂತ ನಾನು ನಿರ್ಧಾರ ಮಾಡಿದ ವಾರವೇ ಯಾರಾದರೂ ಬಂದು ಕಿಚ್ಚು ಹಚ್ಚಿಬಿಡ್ತಾರೆ. ಈ ಸಲ ಬಂದವರು ಇಂಗ್ಲೆಂಡಿನಿಂದ ನಾವಿರೋ ಪರದೇಶಕ್ಕೆ, ಇಲ್ಲಿನ ಸೆರಂಗೂನ್‌ಗೆ ಶಿಫ್ಟ್ ಆದ ಒಬ್ಬ ಎಂಜಿನಿಯರ್.

೧. ಮೊದಲ ತಟ್ಟೆ

ಟ್ಯಾಂಪಿನೀಸ್ ಬಡಾವಣೆಯಲ್ಲಿ ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್ ಅನ್ನೋ ತೆರೆದ ಜಾಗದಲ್ಲಿ ಕನ್ನಡದವರೆಲ್ಲ ತಿಂಗಳಿಗೊಮ್ಮೆ ಸೇರ್ತೀವಿ. ಊಟಕ್ಕೆ ಮುಂಚೆ ಒಬ್ಬರು ಹತ್ತು ನಿಮಿಷ ಮಾತಾಡಬೇಕು. ಮಾತಾಡಿದವರಿಗೆ ಮೊದಲ ತಟ್ಟೆ. ನಾಲ್ಕು ವರ್ಷ ಆ ತಟ್ಟೆ ನಂದೇ.

ಎಂಜಿನಿಯರ್ ಎದ್ದು, ತಾವಿದ್ದ ಹರ್ಟ್‌ಫರ್ಡ್ ಊರಿನ ಹೆಸರಿನ ಕಥೆ ಹೇಳಿದರು. ಜಿಂಕೆಗಳು ಹೊಳೆ ದಾಟುತ್ತಿದ್ದ ಜಾಗವಂತೆ. ಒಂದು ಕಾಲಕ್ಕೆ ಹೆರುಟ್‌ಫರ್ಡ್ ಅಂತ ಬರೆದರಂತೆ, ಇನ್ನೊಂದು ಕಾಲಕ್ಕೆ ಹಿಯೊರೊಟ್‌ಫರ್ಡ್. ಈಗ ಬರೆಯೋದೊಂದು, ಕರೆಯೋದು ಹಾರ್ಟ್‌ಫರ್ಡ್. ಎಲ್ಲರೂ ಬಾಯಿಬಿಟ್ಟುಕೊಂಡು ಕೇಳಿದರು. ನನ್ನ ಸರದಿ ಬರೋ ಹೊತ್ತಿಗೆ ಪುಳಿಯೋಗರೆಯಲ್ಲಿ ಕಡಲೆಕಾಯಿ ಬೀಜವೇ ಉಳಿದಿರಲಿಲ್ಲ.

೨. ಲಿಫ್ಟಿನಲ್ಲೂ ಅದೇ

ಮೇಲೆ ಹೋಗ್ತಾ ಹೆಂಡತಿ ಕೇಳಿದಳು, "ಎಷ್ಟು ತಿಳ್ಕೊಂಡಿದಾರೆ ರೀ. ನಿಮ್ಮೂರಿಗೆ ಕುದುರೆಗುಂಡಿ ಅಂತ ಹೆಸರು ಯಾಕೆ ಬಂತು?"

"ನಾನು ಹುಟ್ಟೋ ಮುಂಚೆನೇ ಇತ್ತು. ಅದನ್ನೆಲ್ಲ ಯಾರು ಕೇಳ್ತಾರೆ?"

"ಅವರು ಕೇಳ್ತಾರೆ," ಅಂದಳು. ಏಳನೇ ಮಹಡಿ ಅವತ್ತು ಬಹಳ ದೂರ ಇತ್ತು.

೩. ಮಹಾರಾಜರ ಕುದುರೆ

ಮುಂದಿನ ತಿಂಗಳು ಗೋಗರೆದು ಐದು ನಿಮಿಷ ಗಿಟ್ಟಿಸಿದೆ. ಮಹಾರಾಜರ ಕುದುರೆ ಬಾಯಾರಿ ಬಿದ್ದಾಗ ನಮ್ಮೂರ ಗುಂಡಿಯ ನೀರು ಕುಡಿದು ಬದುಕಿತು, ಮಹಾರಾಜರೇ ಹೆಸರಿಟ್ಟರು ಅಂದೆ. ಲಿಫ್ಟಿನಲ್ಲಿ ಇಳಿಯುವಾಗ ಹೊಳೆದ ಕಥೆ. ಚಪ್ಪಾಳೆ ಬಿತ್ತು, ತಟ್ಟೆನೂ ಬಂತು.

ಎಂಜಿನಿಯರ್ ನೋಟ್‌ಬುಕ್ ತೆಗೆದು, "ಸರ್, ಯಾರು ಹೇಳಿದ್ದು?" ಅಂದರು.

"ನಮ್ಮ ದೊಡ್ಡಮ್ಮ. ಊರಲ್ಲೇ ಇದಾರೆ," ಅಂದೆ. ಅವರ ಮುಖ ಸಪ್ಪಗಾಯ್ತು. ನಾನು ಎರಡನೇ ಸಲ ಬಡಿಸಿಕೊಂಡೆ.

೪. ದೊಡ್ಡಮ್ಮನ ಫೋನು

ಎಂಜಿನಿಯರ್ ರಜೆಗೆ ನಮ್ಮೂರಿಗೆ ಹತ್ತಿರದ ಮೈಸೂರಿಗೆ ಹೋದರು. ಒಂದು ವಾರಕ್ಕೆ ದೊಡ್ಡಮ್ಮನ ಫೋನು.

"ನಿನ್ನ ಸ್ನೇಹಿತ ಬಂದಿದ್ದ ಕಣೋ. ಹೆಸರಿನ ವಿಷಯ ಕೇಳ್ದ. ರಾಜನೂ ಇಲ್ಲ, ಗೀಜನೂ ಇಲ್ಲ, ಅಮಲ್ದಾರನ ಕುದುರೆ ಗುಂಡೀಲಿ ಹೂತುಹೋಗಿ, ಊರೋರೆಲ್ಲ ಹಗ್ಗ ಹಾಕಿ ಎಳೆದಿದ್ದು ಅಂದೆ. ಎಲ್ಲ ಬರ್ಕೊಂಡ. ಒಬ್ಬಟ್ಟು ಮಾಡಿ ಹಾಕ್ದೆ."

ಒಬ್ಬಟ್ಟು ಅಂದದ್ದೇ ನನಗೆ ತಡೆಯಲಾಗಲಿಲ್ಲ. "ನನಗೆ ಒಂದು ದಿನವೂ ಈ ಕಥೆ ಹೇಳಲಿಲ್ಲವಲ್ಲ ದೊಡ್ಡಮ್ಮ?"

"ನೀನು ಯಾವತ್ತು ಕೇಳಿದ್ದೆ?"

ಸಂಜೆ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಬಂತು. ಈ ತಿಂಗಳ ಮಾತು: ಕುದುರೆಗುಂಡಿಯ ನಿಜವಾದ ಕಥೆ. ಮಾತಾಡುವವರು ಎಂಜಿನಿಯರ್. ಅದರ ಕೆಳಗೆ, ಬಡಿಸುವ ಸರದಿ ಅಂತ ಬರೆದು, ನನ್ನ ಹೆಸರು.