ತವರುಮನೆಯಿಂದ ಒಂದು ಕೊಟೇಷನ್ ಕೋರಿ

ಇಂದ:
ಪ್ರತಿಮಾ, ಅಧ್ಯಕ್ಷೆ,
ಬೆಳ್ಳಿಚುಕ್ಕಿ ತೆಂಗು ಬೆಳೆಗಾರ ಮಹಿಳೆಯರ ಸಂಘ,
ಬಸ್ತಿಹಳ್ಳಿ, ಹಳೇಬೀಡು ಹೋಬಳಿ, ಬೇಲೂರು ತಾಲ್ಲೂಕು.

ಗೆ:
ಶ್ರೀ ಷಡಕ್ಷರಪ್ಪನವರು, ಮಾಲೀಕರು,
ಷಡಕ್ಷರ ಕೃಷಿ ಯಂತ್ರಗಳ ಮಳಿಗೆ, ಅರಸೀಕೆರೆ.
(ಇವರು ಅರ್ಜಿದಾರಳ ತಂದೆ. ಈ ಅರ್ಜಿಯ ಮಟ್ಟಿಗೆ ಮಾಲೀಕರು ಮಾತ್ರ.)

ವಿಷಯ: ಕಾಯಿ ಸುಲಿಯುವ ಯಂತ್ರವೊಂದಕ್ಕೆ, ಲಾಭ ಸೇರಿಸಿ, ಮೊಹರು ಹಾಕಿ ಕೊಟೇಷನ್ ಕೊಡುವ ಬಗ್ಗೆ.

ಉಲ್ಲೇಖ: 1. ಯಂತ್ರ ಖರೀದಿ ಕುರಿತು ಸಂಘದ ನಿರ್ಣಯ.
2. ಕಳೆದ ಭಾನುವಾರ ತಾವು ಫೋನಿನಲ್ಲಿ, “ಮಗಳಿಗೆ ಕೊಟೇಷನ್ ಬರೆಯೋ ಅಪ್ಪನ್ನ ಎಲ್ಲಾದ್ರೂ ನೋಡಿದ್ದೀಯೇನೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನಿಟ್ಟದ್ದು.

ಮಾನ್ಯರೇ,

1. ಕೊಬ್ಬರಿಗೆಂದು ಅಟ್ಟದಲ್ಲಿ ಒಣಗಿಸಿದ ಕಾಯಿಯನ್ನು ಸುಲಿದುಕೊಡುವವರು ಈಗ ಕರೆದರೆ ಬರುವುದಿಲ್ಲ. ಆದ್ದರಿಂದ ಸಂಘ ಒಂದು ಯಂತ್ರ ಕೊಳ್ಳಲು ತೀರ್ಮಾನಿಸಿದೆ. ನಿಯಮದಂತೆ ಮೂರು ಕೊಟೇಷನ್ ಬೇಕು. ಹಾಸನದ ಅಂಗಡಿಯದು ಬಂದಿದೆ (ಬೆಲೆ ಸಂಘದ ಕೈಗೆಟುಕದ್ದು), ಹೊರದೇಶದ ಕಂಪನಿಯದು ಬಂದಿದೆ, ತಮ್ಮದು ಬಂದಿಲ್ಲ. ಶುಕ್ರವಾರ ಸಭೆ. ಕಾಗದ ಬಾರದಿದ್ದರೆ ತಮ್ಮ ಯಂತ್ರದ ಹೆಸರನ್ನು ಅಲ್ಲಿ ಎತ್ತಲು ಅರ್ಜಿದಾರಳಿಗೆ ಅಧಿಕಾರವಿಲ್ಲ.

2. ಹೊರದೇಶದ ಕಂಪನಿಯ ಬಗ್ಗೆ ನ್ಯಾಯವಾಗಿ ಹೇಳಬೇಕಾದದ್ದನ್ನು ಅರ್ಜಿದಾರಳು ಮುಚ್ಚಿಡುವುದಿಲ್ಲ. ಬೆಲೆ ಕಡಿಮೆ. ಬಣ್ಣ ಚೆನ್ನಾಗಿದೆ. ಕೇಳಿದ ಗಳಿಗೆಗೆ ಕೊಟೇಷನ್ ಕಳಿಸಿದ್ದಾರೆ, ನೆಂಟಸ್ತನ ತೆಗೆದಿಲ್ಲ. ಆದರೆ ಅವರ ವಿಡಿಯೋದಲ್ಲಿ ಸುಲಿಯುವುದು ಹಸಿ ಕಾಯಿ. ಅವರ ಮೋಟಾರಿಗೆ ತ್ರೀ ಫೇಸ್ ಕರೆಂಟು ಬೇಕು. ಸಂಘದ ಷೆಡ್ಡಿಗೆ ಬರುವುದು ಸಿಂಗಲ್ ಫೇಸ್.

3. “ಒಣಕಾಯಿ ಸುಲಿಯುತ್ತದೆಯೇ?” ಎಂದು ಅರ್ಜಿದಾರಳು ಅವರಿಗೆ ಮೆಸೇಜು ಮಾಡಿದಳು. “ಹೌದು ಪ್ರಿಯ ಸರ್” ಎಂದು ಉತ್ತರ ಬಂತು. “ಸಿಂಗಲ್ ಫೇಸಿನಲ್ಲಿ ಓಡುತ್ತದೆಯೇ?” ಹೌದು ಪ್ರಿಯ ಸರ್. ಪಕ್ಕದಲ್ಲಿ ಕೂತಿದ್ದ ಹಿರಿಯ ಸದಸ್ಯೆ ರುದ್ರಮ್ಮ, “ಮುದ್ದೆ ತೊಳಸ್ತೈತಾ ಕೇಳವ್ವ” ಎಂದರು. ಕೇಳಲಾಯಿತು. ಹೌದು ಪ್ರಿಯ ಸರ್.

4. ಈ ನಡುವೆ ತಾವು ಅರ್ಜಿದಾರಳ ತಾಯಿ ಮಹದೇವಮ್ಮನವರ ಮೂಲಕ, “ಮಷಿನ್ನು ಸುಮ್ನೆ ಕಳಿಸ್ತೀನಿ, ತವರಿನ ಉಡುಗೊರೆ ಅಂತ ಇಟ್ಕೊಳ್ಲಿ” ಎಂದು ಹೇಳಿಕಳಿಸಿದಿರಿ. ಅರ್ಜಿದಾರಳಿಗೆ ಸಂತೋಷವೇ ಆಯಿತು. ಆ ಸಂತೋಷದಲ್ಲೇ ಸಂಘದವರಿಗೂ ತಿಳಿಸಿದಳು. ಅದು ತಪ್ಪಾಯಿತು.

ರುದ್ರಮ್ಮ ಎಲೆಗೆ ಸುಣ್ಣ ಸವರುತ್ತಾ ಕೇಳಿದರು: “ನಿಮ್ಮಪ್ಪ ಸುಮ್ನೆ ಕೊಟ್ಟ ಮಷಿನ್ನು ಕೆಟ್ರೆ ಯಾರನ್ನ ಬಯ್ಯೋದು?”

“ಅಪ್ಪ ಮೆಕ್ಯಾನಿಕ್ ಕಳಿಸ್ತಾರೆ ಕಣ್ರೀ.”

“ಕಳಿಸ್ತಾರೆ, ಇಲ್ಲ ಅನ್ನಲ್ಲ. ಕಳಿಸೋದು ತಡ ಆದ್ರೆ? ಉಡುಗೊರೆ ಕೊಟ್ಟೋರನ್ನ ಬಯ್ಯಕ್ಕಾಯ್ತದಾ? ದುಡ್ಡು ಕೊಟ್ರೆ ಬಯ್ಯೋ ಹಕ್ಕು ನಮ್ದು.”

“ಹಾಗಾದ್ರೆ ಹೊರದೇಶದ್ದೇ ತಗೊಳ್ಳೋಣ್ವಾ?”

“ಆ ಪ್ರಿಯ ಸಾರನ್ನ ಬಯ್ಯೋದೆಂಗೆ? ಬಯ್ದ್ರೂ ಹೌದು ಅಂತಾನೆ.”

ಸೇರಿದ್ದವರೆಲ್ಲ ನಕ್ಕರು. ಆದರೆ ಆ ನಗುವಿನಲ್ಲಿ ಒಂದು ತೀರ್ಮಾನವಿತ್ತು: ಬಯ್ಯಲು ಕೈಗೆ ಸಿಗುವಂಥ, ದುಡ್ಡು ಪಡೆದಂಥ ಮನುಷ್ಯರಿಂದಲೇ ಯಂತ್ರ ಕೊಳ್ಳುವುದು ಲೇಸು. ಸದಸ್ಯರ ಒಲವು ಅರಸೀಕೆರೆಯ ಕಡೆಗಿದೆ, ಅಂದರೆ ತಮ್ಮ ಕಡೆಗೆ. ಅಡ್ಡ ನಿಂತಿರುವುದು ತಮ್ಮ ಪ್ರೀತಿ ಒಂದೇ.

5. ಉಚಿತ ಯಂತ್ರ ಬಂದರೆ ಅದು ಸಂಘದ ಯಂತ್ರವಾಗುವುದಿಲ್ಲ, ಅಧ್ಯಕ್ಷೆಯ ಅಪ್ಪನ ಯಂತ್ರವಾಗುತ್ತದೆ. ಅದರ ಸರದಿಗೆ ನಿಲ್ಲುವವರು ಆಕೆಯ ಮುಖ ನೋಡಿ ನಿಲ್ಲಬೇಕಾಗುತ್ತದೆ. ಅಂಥ ಅಧ್ಯಕ್ಷೆಯಾಗಿರಲು ಅರ್ಜಿದಾರಳಿಗೆ ಇಷ್ಟವಿಲ್ಲ. ಅಪ್ಪನ ಅಂಗಡಿ ಬಿಟ್ಟು ಹಡಗಿನಲ್ಲಿ ಬರುವ ಯಂತ್ರಕ್ಕೆ ಸಹಿ ಹಾಕಲೂ ಇಷ್ಟವಿಲ್ಲ. ಎರಡನ್ನೂ ತಪ್ಪಿಸುವ ಶಕ್ತಿ ತಮ್ಮ ಒಂದು ಕಾಗದಕ್ಕಿದೆ.

6. “ಸ್ವದೇಶಿ ಅಂತ ಬರೀಲೇನು?” ಎಂದು ತಾವು ಕೇಳಬಹುದು. ಬೇಡ. ತಮ್ಮ ಯಂತ್ರದ ಬೇರಿಂಗೂ ಹೊರದೇಶದ್ದೇ ಎಂಬುದನ್ನು ಆ ಮಳಿಗೆಯಲ್ಲೇ ಆಡಿ ಬೆಳೆದ ಅರ್ಜಿದಾರಳು ಬಲ್ಲಳು. ಬೇರಿಂಗು ಸವೆದರೆ ಇನ್ನೊಂದು ಅರಸೀಕೆರೆಯಲ್ಲೇ ಸಿಗುತ್ತದೆ ಎಂದು ಬರೆದರೆ ಸಾಕು. ಅದು ನಿಜ.

ಆದ ಕಾರಣ, ಕಾಗದ ಬರೆಯುವಷ್ಟು ಹೊತ್ತು ಅರ್ಜಿದಾರಳನ್ನು ಹೊರಗಿನವಳೆಂದು ಭಾವಿಸಿ, ಬೇರೆ ಗಿರಾಕಿಗಳಿಗೆ ಹೇಳುವ ಬೆಲೆಯನ್ನೇ ಹೇಳಬೇಕಾಗಿ ವಿನಂತಿ. “ಪ್ರೀತಿಯ ಮಗಳಿಗೆ” ಎಂದು ಶುರುಮಾಡಿದ ಕೊಟೇಷನ್ ಸಭೆಯಲ್ಲಿ ತಿರಸ್ಕೃತವಾಗುವುದು.

ಶುಕ್ರವಾರದವರೆಗೆ ಗಿರಾಕಿ, ಆಮೇಲೂ ತಮ್ಮ ವಿಶ್ವಾಸಿ,
ಪ್ರತಿಮಾ

ಲಗತ್ತುಗಳು:
1. ಸಂಘದ ನಿರ್ಣಯದ ಪ್ರತಿ.
2. ಹೊರದೇಶದ ಕಂಪನಿಯ ಉತ್ತರಗಳು (ಮುದ್ದೆಯದೂ ಸೇರಿ).
3. ಅರ್ಧಕ್ಕೆ ಸುಲಿದ ಒಣಕಾಯಿ ಒಂದು. ಉಳಿದರ್ಧವನ್ನು ತಮ್ಮ ಯಂತ್ರದಲ್ಲಿ ಸುಲಿದು ತೋರಿಸತಕ್ಕದ್ದು.

ವಿ.ಸೂ.: ಸಭೆ ಒಪ್ಪಿದರೆ ಚೌಕಾಸಿಗೆ ರುದ್ರಮ್ಮನವರು ಖುದ್ದಾಗಿ ಅರಸೀಕೆರೆಗೆ ಬರುತ್ತಾರೆ. ಅರ್ಜಿದಾರಳು ಅದರಲ್ಲಿ ಬಾಯಿ ಹಾಕುವಂತಿಲ್ಲವಾದ್ದರಿಂದ, ಚೌಕಾಸಿ ಮುಗಿಯುವವರೆಗೂ ಮಳಿಗೆಯ ಹೊರಗಿನ ಬೆಂಚಿನ ಮೇಲೆ ಮಗಳಾಗಿ ಕುಳಿತಿರುವಳು. ಅಲ್ಲಿಗೆ ಒಂದು ಲೋಟ ಕಾಫಿ ಕಳಿಸಬೇಕೆಂದೂ, ಅದನ್ನು ಬಿಲ್ಲಿಗೆ ಸೇರಿಸಬಾರದೆಂದೂ ಕೋರಿಕೆ.