ಹಿಡಿಯದೇ ತಪ್ಪು

ಗಂಡಸರು ತಮ್ಮ ಮೈಯಲ್ಲಿ ಏನಾದರೂ ಕೆಟ್ಟರೆ ಮೊದಲು ಸಾಮಾನು ರಿಪೇರಿಗೆ ಕೂರುತ್ತಾರೆ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಕಣ್ಣು ಮಂಜಾದರೆ ಬಲ್ಬು ಬದಲಾಯಿಸುತ್ತಾರೆ. ಕಿವಿ ಮಂದವಾದರೆ ಟೀವಿ ರಿಪೇರಿಯವನನ್ನು ಕರೆಸುತ್ತಾರೆ. ನಮ್ಮ ಮನೆಯವರು ರಿವಾಲ್ವರಿನ ಹಿಡಿ ಕೆತ್ತಲು ಕೂತರು.

ಇವರು ಮಿಲಿಟರಿಯಲ್ಲಿ ಸುಬೇದಾರರಾಗಿದ್ದವರು. ನಿವೃತ್ತಿಯಾದ ಮೇಲೆ ಹೊಸದುರ್ಗದ ಒಂದು ಚಿನ್ನದಂಗಡಿಯ ಕಾವಲಿಗೆ ಸೇರಿದರು. ಲೈಸೆನ್ಸ್ ಪಡೆದ ಸ್ವಂತ ರಿವಾಲ್ವರ್ ಇತ್ತು. ನಾನು ಚಕ್ಕುಲಿ ಮಾಡಿ ಬೇಕರಿಗಳಿಗೆ ಹಾಕುವವಳು. ಹೀಗಾಗಿ ಆಯುಧಪೂಜೆಯ ದಿನ ನಮ್ಮ ಮನೆಯ ಮಣೆಯ ಮೇಲೆ ರಿವಾಲ್ವರೂ ಚಕ್ಕುಲಿ ಒರಳೂ ಅಕ್ಕಪಕ್ಕ ಕೂತು ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದವು. ಎರಡರಲ್ಲಿ ಮನೆಗಾಗಿ ಹೆಚ್ಚು ದುಡಿದದ್ದು ಯಾವುದೆಂದು ನಾನು ಬಾಯಿಬಿಟ್ಟು ಹೇಳಿದವಳಲ್ಲ. ರಿವಾಲ್ವರ್ ಯಾರ ಮೇಲೂ ಗುಂಡು ಹಾರಿಸಿಲ್ಲ, ಅದೇ ಅದರ ದೊಡ್ಡತನ ಎಂದು ಇವರು ಆಗಾಗ ಹೇಳುತ್ತಿದ್ದರು.

ಒಂದು ದಿನ ಅಡುಗೆಮನೆಯ ಕಟ್ಟೆಯ ಮೇಲೆ ಆರು ತೂತಿನ ದುಂಡನೆಯ ಬಿಲ್ಲೆಯೊಂದು ಕಾಣಿಸಿತು. ಇಷ್ಟು ವರ್ಷಕ್ಕೆ ಗಂಡನಿಗೆ ನನ್ನ ಒರಳಿನ ನೆನಪಾಯಿತಲ್ಲ ಎಂದು ಹಿಗ್ಗಿದೆ. ತೊಳೆದು ಒರಳಿಗೆ ಸೇರಿಸಿ ಹಿಟ್ಟು ತುಂಬಿ ಒತ್ತಿದೆ. ಒಂದೆಳೆಯೂ ಇಳಿಯಲಿಲ್ಲ. ಇವರು ಬಂದು ನೋಡಿ ತಲೆಯ ಮೇಲೆ ಕೈಹೊತ್ತು ಕೂತರು. ಅದು ಸ್ಪೀಡ್‌ಲೋಡರಂತೆ. ಗುಂಡುಗಳನ್ನು ಒಂದೊಂದಾಗಿ ತುಂಬುವ ಬದಲು ಆರನ್ನೂ ಒಟ್ಟಿಗೆ ಇಳಿಸುವ ಸಾಧನ. ಹಳೆಯ ಸ್ನೇಹಿತರೊಬ್ಬರಿಂದ ತರಿಸಿಕೊಂಡಿದ್ದರು. ತೂತಿನ ಹಿಟ್ಟು ತೆಗೆಯಲು ಸೂಜಿ ಕೊಟ್ಟೆ. ಸೂಜಿ ಬಿತ್ತು. ಎತ್ತಿಕೊಟ್ಟೆ, ಮತ್ತೆ ಬಿತ್ತು. ಸಿಟ್ಟಿಗೆ ಕೈ ನಡುಗುತ್ತಿದೆ ಎಂದುಕೊಂಡು ನಾನೇ ಬಿಡಿಸಿಕೊಟ್ಟೆ.

ಅಂಗಡಿಯ ಸಾಹುಕಾರರದು ಒಂದು ಪದ್ಧತಿ. ವರ್ಷಕ್ಕೊಮ್ಮೆ ಇವರನ್ನು ಚಿತ್ರದುರ್ಗದ ಗುಂಡು ಹೊಡೆಯುವ ಮೈದಾನಕ್ಕೆ ಕರೆದೊಯ್ದು, ತುಂಬುವುದನ್ನೂ ಹೊಡೆಯುವುದನ್ನೂ ಪಕ್ಕದಲ್ಲಿ ನಿಂತು ನೋಡುತ್ತಾರೆ. ಕೈ ತಡವರಿಸಿದವನಿಗೆ ಕೆಲಸವಿಲ್ಲ. ಆ ದಿನ ಹತ್ತಿರವಾಗಿತ್ತು. ಆದರೆ ರಿವಾಲ್ವರಿನ ಮರದ ಹಿಡಿ ಎಡಗಡೆ ಉಬ್ಬಿಕೊಂಡಿದ್ದರಿಂದ ಲೋಡರ್ ಅದಕ್ಕೆ ಬಡಿದು ಓರೆಯಾಗಿ ನಿಲ್ಲುತ್ತಿತ್ತು. ಇವರು ಉಪ್ಪುಕಾಗದ ಹಿಡಿದು ಕೂತರು. ಉಜ್ಜಿ ಉಜ್ಜಿ ಹಿಡಿ ಸೀಳಿತು. ಬಾಗೂರಿನ ಅಣ್ಣನ ಮನೆಯಿಂದ ಮುರಿದ ಗಾಡಿಯ ಕಮರದ ತುಂಡು ತಂದು ಹೊಸದನ್ನೇ ಕೆತ್ತತೊಡಗಿದರು. ಕಮರ ಕಲ್ಲಿನಂಥ ಮರ, ಅಷ್ಟು ಸುಲಭಕ್ಕೆ ಬಗ್ಗುವುದಲ್ಲ. ನನ್ನ ಚಕ್ಕುಲಿ ಹಿಟ್ಟಿನ ಮೇಲೆಲ್ಲ ಮರದ ಪುಡಿ.

“ಇಷ್ಟು ವರ್ಷ ಒಂದೊಂದೇ ತುಂಬ್ತಿದ್ರಲ್ರೀ, ಈಗೇನಾತು?” ಎಂದೆ.

“ಹಿಡೀದೇ ತಪ್ಪು ಕಣೆ. ಕೈ ನೆಟ್ಟಗೈತೆ,” ಎಂದರು.

ಕೈಯ ವಿಚಾರ ನಾನು ಕೇಳಿಯೇ ಇರಲಿಲ್ಲ. ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಅಂಗಿಯ ಗುಂಡಿ ಹಾಕಿಕೊಳ್ಳಲು ಬಾಗಿಲ ಮರೆಗೆ ಹೋಗುತ್ತಿದ್ದರು. ಮುದ್ದೆ ಮುರಿಯುವುದು ಬಿಟ್ಟು ಚಮಚದಲ್ಲಿ ಅನ್ನ ತಿನ್ನುತ್ತಿದ್ದರು. ಅದನ್ನು ನಾನು ಮಿಲಿಟರಿ ಶೋಕಿ ಎಂದು ಆಡಿಕೊಂಡಿದ್ದೆ. ನನಗೆ ಹೆದರಿಕೆಯಾಯಿತು. ಆದರೂ ಕೇಳಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟಾರು ಎಂಬ ಭಯ.

ಮೈದಾನಕ್ಕೆ ಹೊರಡುವ ದಿನ, ಯಾವತ್ತೂ ಕರೆಯದವರು, “ನೀನೂ ಬಾ,” ಎಂದರು. ಸಾಹುಕಾರರ ಜೀಪಿನಲ್ಲಿ ಹೊಳಲ್ಕೆರೆ ದಾಟಿ ಹೋದೆವು.

ಹೊಸ ಹಿಡಿ ಸೊಗಸಾಗಿ ಕೂತಿತ್ತು. ಇವರು ಲೋಡರ್ ಒತ್ತಿದರು. ಆರೂ ಗುಂಡು ಒಂದೇ ಸಲಕ್ಕೆ ಇಳಿದವು. ನನ್ನ ಕಡೆ ತಿರುಗಿ ನಕ್ಕರು, ನನಗೂ ಹೆಮ್ಮೆಯೆನಿಸಿತು. ಆಮೇಲೆ ಗುರಿಯ ಕಡೆ ಕೈಯೆತ್ತಿದರು. ನಳಿಕೆಯ ತುದಿ ಒಂದು ಕಡೆ ನಿಲ್ಲಲೇ ಇಲ್ಲ. ಎಡಗೈ ಕೊಟ್ಟು ಹಿಡಿದರು. ಆಗಲೂ ನಿಲ್ಲಲಿಲ್ಲ. ಹೊಡೆಯದೆಯೇ ಕೆಳಗಿಳಿಸಿ, ಗುಂಡುಗಳನ್ನು ಹೊರತೆಗೆದರು.

“ಸಾಹುಕಾರ್ರೆ, ತುಂಬೋದು ಸರಿಹೋತು. ಹಿಡಿಯಾಕೆ ಆಗ್ತಿಲ್ಲ. ಅಂಗಡಿ ಮುಂದೆ ಮಕ್ಕಳು ಮರಿ ಓಡಾಡ್ತವೆ. ಬ್ಯಾರೇರನ್ನ ನೋಡ್ಕಳ್ರಿ,” ಎಂದರು.

ಸಾಹುಕಾರರು, “ಕುಂತ್ಕಳ್ರಿ ಸುಬೇದಾರ್ರೆ, ಕುಂತ್ಕಳ್ರಿ,” ಎಂದು ತಾವೇ ನೀರು ತಂದುಕೊಟ್ಟರು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಮನೆಯಲ್ಲಿ ಸುಳ್ಳು ಹೇಳಿದ ಬಾಯಿ ಅಲ್ಲಿ ಸಾಹುಕಾರರೆದುರೇ ನಿಜ ಹೇಳಿತ್ತು.

ಕೈಯ ನರ ಸೋತಿದೆ ಎಂದರು ಡಾಕ್ಟರು. ರಿವಾಲ್ವರಿಗೆ ಹಳೆಯ ಸೀಳು ಹಿಡಿಯನ್ನೇ ಮತ್ತೆ ಕೂರಿಸಿ ಪೊಲೀಸ್ ಠಾಣೆಗೆ ಒಪ್ಪಿಸಿ ಬಂದೆವು. ಈ ಸಲದ ಆಯುಧಪೂಜೆಗೆ ಮಣೆಯ ಮೇಲೆ ನನ್ನ ಒರಳೊಂದೇ ಉಳಿಯಿತು. ಇವರು ಕಮರದ ಹಿಡಿಯನ್ನು ತಂದು ಅದರ ಪಕ್ಕ ಇಟ್ಟರು. ನಾನು ಎರಡಕ್ಕೂ ಕುಂಕುಮ ಹಚ್ಚಿದೆ. ಲೋಡರ್ ಮಾತ್ರ ನನ್ನ ಚಕ್ಕುಲಿ ಬಿಲ್ಲೆಗಳ ಡಬ್ಬಿ ಸೇರಿತು.

ಮೊನ್ನೆ ಒರಳು ಒತ್ತುವಾಗ ನನ್ನ ಮಣಿಕಟ್ಟು ಚುಳಕ್ಕೆಂದು ಕೈ ಜಾರಿತು. ಚಕ್ಕುಲಿ ಎಣ್ಣೆಯೊಳಗೆ ಮುದ್ದೆಯಾಗಿ ಬಿತ್ತು. ಇವರು ನೋಡಿಬಿಟ್ಟರು.

“ಏನಾತೇ? ಡಾಕ್ಟ್ರ ಹತ್ರ ಹೋಗಾಣ ನಡಿ,” ಎಂದರು.

“ಏನೂ ಆಗಿಲ್ಲ ಕಣ್ರೀ. ಕೈ ನೆಟ್ಟಗೈತೆ. ಒರಳಿನ ಹಿಡೀದೇ ತಪ್ಪು,” ಎಂದೆ.

ಇವರು ಎದ್ದು ಹೋಗಿ ಉಪ್ಪುಕಾಗದ ತಂದರು.